ನೆಟ್ ಹೋದ ಮೇಲೂ ಬಿಲ್ ಬರಬೇಕಲ್ಲ

ಹೋಟೆಲ್ ಬಿಲ್ಲಿಂಗ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಬದಿಯಡ್ಕ ಪೇಟೆಯಲ್ಲಿ ನಮ್ಮದು ಹದಿನಾಲ್ಕು ಮೇಜುಗಳ ಸಸ್ಯಾಹಾರಿ ಹೋಟೆಲು. ತಂದೆಯವರ ಕಾಲದಿಂದಲೂ ಚೀಟಿ ಬರೆದು ಗಲ್ಲದಲ್ಲಿ ಕೂಡಿಸುವುದೇ ರೂಢಿ. ಈಗ ಮಗ ಕ್ಲೌಡ್ ಬಿಲ್ಲಿಂಗ್ ಹಾಕಿಸೋಣ ಎಂದು ಹಟ ಹಿಡಿದಿದ್ದಾನೆ. ಮೂರು ಕಂಪನಿಯವರು ಬಂದು ಡೆಮೊ ತೋರಿಸಿದರು. ಮೂರೂ ಚೆನ್ನಾಗಿಯೇ ಕಂಡವು. ಜಿಎಸ್‌ಟಿಯಲ್ಲಿ ನಾವು ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ. ಮದುವೆ, ಉಪನಯನಗಳ ಅಡುಗೆಯನ್ನೂ ಒಪ್ಪಿಕೊಳ್ಳುತ್ತೇವೆ. ವಿಟ್ಲ, ಪುತ್ತೂರು ಕಡೆಗೂ ಹೋಗುವುದುಂಟು. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಯಾವುದನ್ನು ತೆಗೆದುಕೊಳ್ಳಲಿ?
ಬದಿಯಡ್ಕದ ಓದುಗರು

ಉತ್ತರ: ಕಂಪನಿಯ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಬರೆದು ದಾಟಿ ಹೋದ ಒಂದು ವಾಕ್ಯವಿದೆ: ವಿಟ್ಲ, ಪುತ್ತೂರಿನ ಅಡುಗೆ. ಬಿಲ್ಲಿಂಗ್ ಯಂತ್ರಕ್ಕಿಂತ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಹೋಟೆಲಿನ ಊಟವಾಗಲಿ, ಕೇಟರಿಂಗ್ ಆಗಲಿ, ಸೇವೆ ಎಲ್ಲಿ ನಡೆಯಿತೋ ಅದೇ ಊರಿನ ಲೆಕ್ಕ ಎನ್ನುತ್ತದೆ ಐಜಿಎಸ್‌ಟಿ (ಅಂತರರಾಜ್ಯ ವ್ಯವಹಾರದ ಜಿಎಸ್‌ಟಿ) ಕಾಯ್ದೆಯ 12(4)ನೇ ಕಲಮು. ನಿಮ್ಮ ಭಟ್ಟರು, ಬಡಿಸುವವರು ಗಡಿ ದಾಟಿ ವಿಟ್ಲದ ಮದುವೆ ಮನೆಯಲ್ಲಿ ಊಟ ಹಾಕಿದರೆ ಸೇವೆ ನಡೆದದ್ದು ಕರ್ನಾಟಕದಲ್ಲಿ, ಕೊಟ್ಟವರು ಕೇರಳದವರು. ಅದು ಅಂತರರಾಜ್ಯ ವ್ಯವಹಾರ. ಕಾಂಪೊಸಿಷನ್‌ನಲ್ಲಿ ಇರುವವರು ಅಂತರರಾಜ್ಯ ಸೇವೆ ಕೊಡುವಂತೆಯೇ ಇಲ್ಲ. ಬದಿಯಡ್ಕದಿಂದ ವಿಟ್ಲಕ್ಕೆ ಒಂದು ಗಂಟೆಯ ದಾರಿಯೂ ಅಲ್ಲ, ನೆಂಟಸ್ತಿಕೆಗೆ ಗಡಿ ಎಂಬುದೇ ಇಲ್ಲ, ನಿಜ. ಆದರೆ ಜಿಎಸ್‌ಟಿಯ ಕಣ್ಣಿಗೆ ನೀವು 32, ಅವರು 29: ಮೊದಲನೆಯದು ಕೇರಳದ ರಾಜ್ಯ ಸಂಕೇತ, ಎರಡನೆಯದು ಕರ್ನಾಟಕದ್ದು.

ಇಷ್ಟಕ್ಕೂ ನಿಮ್ಮಂಥ ಹೋಟೆಲಿಗೆ ಕಾಂಪೊಸಿಷನ್‌ನಿಂದ ಸಿಗುವ ಲಾಭವೇನು ಎಂದು ನಿಮ್ಮ ಅಕೌಂಟೆಂಟರನ್ನು ಕೇಳಿ ನೋಡಿ. ಹೋಟೆಲುಗಳಿಗೆ ಅಲ್ಲೂ ದರ ಶೇಕಡಾ 5, ಸಾಮಾನ್ಯ ನೋಂದಣಿಯಲ್ಲೂ ಶೇಕಡಾ 5. ಎರಡರಲ್ಲೂ ಖರೀದಿಯ ಮೇಲಿನ ತೆರಿಗೆ ವಾಪಸು ಬರುವುದಿಲ್ಲ. ವ್ಯತ್ಯಾಸ ಇಷ್ಟೇ: ಕಾಂಪೊಸಿಷನ್‌ನಲ್ಲಿ ಆ ಐದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಸಾಮಾನ್ಯ ನೋಂದಣಿಯಲ್ಲಿ ಮಾಡಬಹುದು. ಕಾಂಪೊಸಿಷನ್‌ನ ನಿಜವಾದ ಅನುಕೂಲ ಕಾಗದಪತ್ರ ಕಡಿಮೆ ಎಂಬುದು. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಸಿಎಂಪಿ-08 ಫಾರಂ, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಮುಗಿಯಿತು. ಬಿಲ್ಲಿಂಗ್ ಯಂತ್ರವೇ ಲೆಕ್ಕವನ್ನೆಲ್ಲ ಕೂಡಿಸಿ ಕೊಡುವುದಾದರೆ ಆ ಅನುಕೂಲದ ಬೆಲೆಯೂ ಇಳಿಯುತ್ತದೆ. ಗಡಿಯಾಚೆಯ ಅಡುಗೆ ಬಿಡಲು ಮನಸ್ಸಿಲ್ಲವೆಂದಾದರೆ ಕಾಂಪೊಸಿಷನ್ ಬಿಡಬೇಕು. ಷರತ್ತು ತಪ್ಪಿದ 7 ದಿನಗಳೊಳಗೆ ಹೊರಬರುವ ಅರ್ಜಿ ಸಿಎಂಪಿ-04 ಸಲ್ಲಿಸಬೇಕೆಂಬ ನಿಯಮವಿದೆ. ನಿಮ್ಮ ವಿಷಯದಲ್ಲಿ ಆ ಷರತ್ತು ಯಾವಾಗಲೋ ತಪ್ಪಿರಬಹುದು. ಹಾಗಾಗಿ ಅಕೌಂಟೆಂಟರ ಬಳಿಗೆ ಹೋಗುವುದನ್ನು ಮುಂದೆ ಹಾಕಬೇಡಿ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಡೆಮೊ ತೋರಿಸಲು ಬಂದ ಮೂವರಲ್ಲಿ ಯಾರಾದರೂ ನಿಮ್ಮದು ಕಾಂಪೊಸಿಷನ್ನೋ ಸಾಮಾನ್ಯವೋ ಎಂದು ಕೇಳಿದರೇ? ಕೇಳದಿದ್ದರೆ ಅವರು ತೋರಿಸಿದ್ದು ತೆರಿಗೆ ಬಿಲ್, ಅಂದರೆ ಕೆಳಗೆ ಕೇಂದ್ರದ ಪಾಲು ಸಿಜಿಎಸ್‌ಟಿ ಶೇಕಡಾ 2.5, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಶೇಕಡಾ 2.5 ಎಂದು ಸೇರಿಸುವ ಬಿಲ್. ಈಗಿನ ನಿಮ್ಮ ಸ್ಥಿತಿಯಲ್ಲಿ ಅಂಥ ಒಂದೇ ಒಂದು ಬಿಲ್ ಹೊರಗೆ ಹೋದರೂ ತಪ್ಪೇ. ನೀವು ಕೊಡಬೇಕಾದದ್ದು ತೆರಿಗೆ ಸೇರಿಸದ ‘ಬಿಲ್ ಆಫ್ ಸಪ್ಲೈ’. ಅದರ ನೆತ್ತಿಯ ಮೇಲೆ ನೀವು ಕಾಂಪೊಸಿಷನ್ ತೆರಿಗೆದಾರರು, ತೆರಿಗೆ ವಸೂಲು ಮಾಡಲು ಅರ್ಹರಲ್ಲ ಎಂಬ ಸಾಲು ಇರಲೇಬೇಕು. ನಾಳೆ ಸಾಮಾನ್ಯ ನೋಂದಣಿಗೆ ಬದಲಾದಾಗ ಹಳೆಯ ಲೆಕ್ಕ ಅಳಿಯದಂತೆ ಅದೇ ಸಾಫ್ಟ್‌ವೇರಿನಲ್ಲಿ ಬದಲಾಯಿಸಲು ಬರುತ್ತದೆಯೇ? ಕೇಟರಿಂಗ್ ಬಿಲ್ಲಿಗೆ ಮಾತ್ರ ಐಜಿಎಸ್‌ಟಿ ಹಾಕಲು ಬರುತ್ತದೆಯೇ? ಇವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಎದುರಿಗೇ ಮಾಡಿ ತೋರಿಸಲಿ.

ಇನ್ನು ಮಳೆಗಾಲದ ವಿಚಾರ. ಮಾರಲು ಬಂದವರೆಲ್ಲರೂ ‘ಆಫ್‌ಲೈನ್ ಇದೆ ಸಾರ್’ ಎನ್ನುತ್ತಾರೆ. ಆ ಮಾತಿನೊಳಗೆ ಮೂರು ಬೇರೆ ಬೇರೆ ಜಾತಿಗಳಿವೆ. ಕೆಲವು ಬರೀ ಬ್ರೌಸರಿನಲ್ಲಿ ನಡೆಯುವಂಥವು. ನೆಟ್ ಹೋದರೆ ಪರದೆಯೇ ಬಿಳಿ. ಇನ್ನು ಕೆಲವು ಗಲ್ಲದ ಯಂತ್ರದಲ್ಲಿ ಬಿಲ್ ಹೊಡೆಯುತ್ತವೆ, ಆದರೆ ಸಪ್ಲೈಯರ್ ಕೈಯಲ್ಲಿರುವ ಮೊಬೈಲಿನಿಂದ ಅಡುಗೆಮನೆಗೆ ಕೆಒಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಹೋಗುವುದಿಲ್ಲ, ಏಕೆಂದರೆ ಎದುರಿನ ಕೋಣೆಗೆ ಹೋಗಬೇಕಾದ ಆರ್ಡರ್ ದೂರದ ಸರ್ವರಿಗೆ ಹೋಗಿ ಬರಬೇಕು. ಮೂರನೆಯ ಬಗೆಯಲ್ಲಿ ಅಂಗಡಿಯೊಳಗಿನ ಒಂದು ಯಂತ್ರವೇ ಯಜಮಾನ. ಉಳಿದ ಮೊಬೈಲು, ಪ್ರಿಂಟರುಗಳು ಅಂಗಡಿಯ ವೈಫೈಯಲ್ಲೇ ಅದರೊಂದಿಗೆ ಮಾತಾಡಿಕೊಳ್ಳುತ್ತವೆ, ನೆಟ್ ಬಂದಾಗ ಲೆಕ್ಕವೆಲ್ಲ ಮೇಲಕ್ಕೆ ಹೋಗುತ್ತದೆ. ನಿಮ್ಮ ಊರಿಗೆ ಈ ಮೂರನೆಯದೇ ಬೇಕು.

ಪರೀಕ್ಷೆ ಸುಲಭ. ಡೆಮೊ ಹುಡುಗ ಮೇಜು ಆರರ ಆರ್ಡರ್ ಅರ್ಧ ಬರೆದಿರುವಾಗ ರೂಟರಿಗೆ ಬರುವ ಇಂಟರ್ನೆಟ್ ತಂತಿಯನ್ನು ಕಿತ್ತುಬಿಡಿ. ಎರಡು ಗೋಳಿಬಜೆ, ಒಂದು ಬನ್ಸ್ ಸೇರಿಸಲು ಹೇಳಿ. ಅಡುಗೆಮನೆಯಲ್ಲಿ ಚೀಟಿ ಬಂತೇ ನೋಡಿ. ಆಮೇಲೆ ಯಂತ್ರವನ್ನೇ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಬಹಳ ಸಾಫ್ಟ್‌ವೇರುಗಳು ಬಿದ್ದುಹೋಗುವುದು ಇಲ್ಲೇ: ನೆಟ್ ಇಲ್ಲದಾಗ ಲಾಗಿನ್ ಆಗುವುದಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಬಿಲ್ ಸಂಖ್ಯೆಯನ್ನೂ ಗಮನಿಸಿ. ಗಲ್ಲದಲ್ಲೊಂದು, ಪಾರ್ಸೆಲ್ ಕೌಂಟರಿನಲ್ಲೊಂದು ಯಂತ್ರವಿದ್ದು ಎರಡೂ ನೆಟ್ ಇಲ್ಲದೆ ಕೆಲಸ ಮಾಡಿದರೆ ಎರಡರಲ್ಲೂ 101ನೇ ಬಿಲ್ ಹುಟ್ಟಬಹುದು. ಒಂದು ಆರ್ಥಿಕ ವರ್ಷದೊಳಗೆ ಒಂದು ಸಂಖ್ಯೆ ಒಂದೇ ಬಾರಿ ಬರಬೇಕು, ಅನುಕ್ರಮ ತಪ್ಪಬಾರದು, 16 ಅಕ್ಷರ ಮೀರಬಾರದು ಎನ್ನುತ್ತದೆ ಜಿಎಸ್‌ಟಿ ನಿಯಮ. ಪ್ರತಿ ಕೌಂಟರಿಗೂ ಬೇರೆ ಸರಣಿ ಕೊಡುವ ವ್ಯವಸ್ಥೆ ಇದ್ದರೆ ಈ ತೊಂದರೆಯೇ ಇಲ್ಲ.

ಎರಡು ನೆಟ್ ಸಂಪರ್ಕ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಎರಡು ಕೇಬಲುಗಳೂ ಒಂದೇ ಕಂಬದ ಮೇಲಿಂದ ಬಂದರೆ ಒಂದು ಹಲಸಿನ ಕೊಂಬೆ ಎರಡನ್ನೂ ಕೆಡವುತ್ತದೆ. ಒಂದು ಫೈಬರ್, ಇನ್ನೊಂದು ಮೊಬೈಲ್ ಸಿಮ್ ಇರಲಿ. ಇನ್ವರ್ಟರಿನ ಸಾಲಿಗೆ ಬಿಲ್ ಪ್ರಿಂಟರಿನಂತೆ ರೂಟರನ್ನೂ ಸೇರಿಸಲು ಮರೆಯಬೇಡಿ. ಯಂತ್ರಗಳೆಲ್ಲ ಉರಿಯುತ್ತಿದ್ದು ರೂಟರ್ ಮಾತ್ರ ಸತ್ತಿರುವ ಹೋಟೆಲುಗಳು ಬೇಕಾದಷ್ಟಿವೆ.

ಕ್ಲೌಡ್ ಎಂದರೆ ನಿಮ್ಮ ಲೆಕ್ಕ ಇನ್ನೊಬ್ಬರ ಕಪಾಟಿನಲ್ಲಿದೆ ಎಂದರ್ಥ. ಬೀಗದ ಕೈ ಯಾರದು ಎಂದು ಮೊದಲೇ ಕೇಳಬೇಕು. ವರ್ಷದ ಚಂದಾ ಕಟ್ಟದೆ ಬಿಟ್ಟರೆ ಹಳೆಯ ಬಿಲ್ಲುಗಳು ಸಿಗುತ್ತವೆಯೇ? ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ಸಾಮಾನ್ಯ ನೋಂದಣಿಯವರಾದರೆ 2025–26ರ ಲೆಕ್ಕವನ್ನು 2032ರ ಡಿಸೆಂಬರ್ ಕೊನೆಯವರೆಗೆ ಇಟ್ಟುಕೊಂಡಿರಬೇಕು. ಅಷ್ಟು ವರ್ಷ ಆ ಕಂಪನಿಯೇ ಇರುತ್ತದೆಂದು ಯಾರು ಹೇಳಬಲ್ಲರು? ಪ್ರತಿಯೊಂದು ಬಿಲ್ಲಿನ ವಿವರವೂ ಎಕ್ಸೆಲ್ ಕಡತವಾಗಿ ಇಳಿಯಬೇಕು, ದಿನದ ಒಟ್ಟು ಮೊತ್ತ ಮಾತ್ರ ಇಳಿದರೆ ಸಾಲದು. ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುವ ಕೆಲಸವನ್ನು ಮಗನಿಗೆ ಒಪ್ಪಿಸಿ, ಹಟ ಅವನದೇ ತಾನೆ.

ಬೆಲೆಯಲ್ಲಿ ಒಂದು ಮಾತು. ಹೇಳುವ ದರದ ಮೇಲೆ ಶೇಕಡಾ 18 ಜಿಎಸ್‌ಟಿ ಇರುತ್ತದೆ, ಅದು ನಿಮಗೆ ವಾಪಸು ಬರುವುದಿಲ್ಲ. ಮೊದಲ ವರ್ಷದ ದರ ನೋಡಿ ಹಿಗ್ಗದೆ ಎರಡನೆಯ ವರ್ಷದ ನವೀಕರಣ ಎಷ್ಟು, ಎರಡನೆಯ ಕೌಂಟರಿಗೆ ಎಷ್ಟು ಎಂದು ಬರೆಸಿಕೊಳ್ಳಿ. ಪ್ರಿಂಟರನ್ನು ಅವರಿಂದಲೇ ಕೊಳ್ಳಬೇಕೆಂಬ ಕಟ್ಟಳೆ ಇದ್ದರೆ ಆ ಕಂಪನಿಯನ್ನು ಬಿಡಿ.

ಬೇಡದ್ದನ್ನೂ ಹೇಳುತ್ತೇನೆ. ಸ್ಟಾಕು, ರೆಸಿಪಿ ಲೆಕ್ಕದ ವಿಭಾಗಕ್ಕೆ ಹೆಚ್ಚು ಹಣ ಕೊಡಬೇಡಿ. ಒಂದು ಚಟ್ನಿಗೆ ಎಷ್ಟು ಗ್ರಾಂ ತೆಂಗಿನಕಾಯಿ ಎಂದು ನಿಮ್ಮ ಭಟ್ಟರು ಯಾರಿಗೂ ಹೇಳುವವರಲ್ಲ. ಆ ಅಂಕಿ ತುಂಬದೆ ಆ ವಿಭಾಗ ಕದಲುವುದೇ ಇಲ್ಲ. ಗಿರಾಕಿಯ ಮೊಬೈಲ್ ನಂಬರ್ ಕಡ್ಡಾಯವಾಗಿ ಕೇಳುವ ಪರದೆಯನ್ನು ತೆಗೆಸಿ, ಚಹಾ ಕುಡಿಯಲು ಬಂದವರ ನಂಬರ್ ನಿಮಗೇಕೆ? ಸೇವಾ ಶುಲ್ಕವನ್ನು ತಾನಾಗಿ ಸೇರಿಸುವ ಆಯ್ಕೆ ಮುಚ್ಚಿಯೇ ಇರಲಿ. 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ನಿಷೇಧಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಕಾದದ್ದು ಕೆಒಟಿ ರದ್ದಾದದ್ದರ ಪಟ್ಟಿ: ಯಾರು, ಎಷ್ಟು ಗಂಟೆಗೆ, ಏಕೆ ರದ್ದು ಮಾಡಿದರು ಎಂಬುದು. ಬಿಲ್ ಛಾಪಿಸಿದ ಮೇಲೆ ಅಳಿಸುವ ಅಧಿಕಾರ ನಿಮ್ಮ ಪಿನ್‌ಗೆ ಮಾತ್ರ ಇರಲಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ ಬಿಲ್ಲಿನ ಮೇಲೆ ಬರಬೇಕು, ಅದನ್ನು ಮೊದಲ ದಿನವೇ ಹಾಕಿಸಿ.

ಹಾಗಾದರೆ ಯಾವ ಕಂಪನಿ? ಪೆಟ್‌ಪೂಜಾದಂಥವು ಸಣ್ಣ ಹೋಟೆಲುಗಳಲ್ಲೂ ಕಾಣಸಿಗುತ್ತವೆ. ರೆಸ್ಟ್ರೋವರ್ಕ್ಸ್ ಹಲವು ಶಾಖೆಗಳ ಸರಪಳಿಗಳಿಗೆ ಹೊಂದುವಂಥದ್ದು, ನಿಮಗೆ ಅಷ್ಟು ಬೇಡ. ಹೆಸರಿಗಿಂತ ಹೆಚ್ಚಾಗಿ, ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೆಟ್ಟರೆ ಯಾರು ಬರುತ್ತಾರೆ ಎಂದು ನೋಡಿ. ಮಂಗಳೂರಿನ ಅಥವಾ ಕಣ್ಣೂರಿನ ಏಜೆಂಟರಾದರೆ, ಅವರು ಈಗಾಗಲೇ ಹಾಕಿಕೊಟ್ಟ ಎರಡು ಹೋಟೆಲುಗಳ ಹೆಸರು ಪಡೆದು, ಏಜೆಂಟರಿಗೆ ಹೇಳದೆ ಅಲ್ಲಿಗೆ ಊಟಕ್ಕೆ ಹೋಗಿ ಗಲ್ಲದಲ್ಲಿ ಕುಳಿತವರನ್ನು ಕೇಳಿ.

ಪ್ರಶ್ನೆ: ಉಪ್ಪಳದಲ್ಲಿ ಹೆದ್ದಾರಿಗೆ ಹತ್ತಿರ ನಮ್ಮ ರೆಸ್ಟೋರೆಂಟ್. ಸಾಮಾನ್ಯ ನೋಂದಣಿ. ಮಂಗಳೂರಿನ ಕಂಪನಿಗಳವರು ಊಟ ಮಾಡಿ ಕರ್ನಾಟಕದ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಕೇಳುತ್ತಾರೆ. ಆ ನಂಬರ್ ಹಾಕಿದ ಕೂಡಲೇ ನಮ್ಮ ಸಾಫ್ಟ್‌ವೇರ್ ಐಜಿಎಸ್‌ಟಿ ತೋರಿಸುತ್ತದೆ. ಸರಿಯೇ?
ಉಪ್ಪಳದ ಓದುಗರು

ಉತ್ತರ: ಸರಿಯಲ್ಲ. ಅಕ್ಕಿ, ಸಿಮೆಂಟ್ ಮಾರುವ ಅಂಗಡಿಗೆಂದು ಬರೆದ ತರ್ಕವನ್ನು ಹೋಟೆಲಿಗೂ ಹಾಕಿದ್ದಾರೆ. ಊಟ ಉಪ್ಪಳದಲ್ಲಿ ನಡೆದಿದೆ, ಉಂಡವರು ಎಲ್ಲಿಯವರೇ ಆಗಲಿ, ಕೇರಳದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಯೇ ಬರಬೇಕು. ಮೇಲೆ ಹೇಳಿದ 12(4)ನೇ ಕಲಮೇ ಇಲ್ಲಿಗೂ ಆಧಾರ. ಅವರ ನಂಬರನ್ನು ಬಿಲ್ಲಿನಲ್ಲಿ ಬರೆದುಕೊಡಿ, ತೆರಿಗೆಯ ಬಗೆ ಮಾತ್ರ ಬದಲಾಗಬಾರದು. ಐಜಿಎಸ್‌ಟಿ ಕೊಟ್ಟರೆ ನಮಗೆ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆ ವಾಪಸು, ಸಿಗುತ್ತದೆ ಎಂದು ಅವರು ಒತ್ತಾಯಿಸಿದರೆ, ಊಟ ತಿಂಡಿಯ ಮೇಲಿನ ತೆರಿಗೆಗೆ ಸಿಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲವೆಂದು ಅವರ ಅಕೌಂಟೆಂಟರೇ ಹೇಳುತ್ತಾರೆ. ಈವರೆಗೆ ಹೀಗೆ ಹೋದ ಬಿಲ್ಲುಗಳ ಪಟ್ಟಿ ತೆಗೆದು ರಿಟರ್ನ್ ತುಂಬುವವರಿಗೆ ಕೊಡಿ.

ಸ್ವಿಗ್ಗಿ, ಜೊಮ್ಯಾಟೊ ಆರ್ಡರುಗಳಿದ್ದರೆ ಅವನ್ನೂ ನೋಡಿಕೊಳ್ಳಿ. 2022ರ ಜನವರಿ 1ರಿಂದ ಆ ಊಟದ ತೆರಿಗೆಯನ್ನು ಆ ಕಂಪನಿಗಳೇ ಕಟ್ಟುತ್ತವೆ. ನಿಮ್ಮ ಸಾಫ್ಟ್‌ವೇರ್ ಅವನ್ನು ಬೇರೆ ಮಾಡದೆ ಎಲ್ಲದಕ್ಕೂ ಐದು ಶೇಕಡಾ ಹಾಕಿ ಕೂಡಿಸುತ್ತಿದ್ದರೆ ನೀವು ಎರಡನೆಯ ಬಾರಿ ಕಟ್ಟುತ್ತಿದ್ದೀರಿ.

ಪ್ರಶ್ನೆ: ಕುಂಬಳೆಯಲ್ಲಿ ನಮ್ಮ ಹೋಟೆಲಿನ ಬಿಲ್ ಕನ್ನಡದಲ್ಲಿ ಬರಬೇಕೆಂದು ಆಸೆ. ಕಂಪನಿಯವರು ‘ಪ್ರಿಂಟರಿನಲ್ಲಿ ಆಗುವುದಿಲ್ಲ’ ಎನ್ನುತ್ತಾರೆ. ಅಡುಗೆಯವರು ಮಲಯಾಳಿ, ಸಹಾಯಕ್ಕೆ ಬಂಗಾಳದ ಹುಡುಗರು.
ಕುಂಬಳೆಯ ಓದುಗರು

ಉತ್ತರ: ಅರ್ಧ ನಿಜ. ಸಾಮಾನ್ಯ ಥರ್ಮಲ್ ಪ್ರಿಂಟರುಗಳ ಹೊಟ್ಟೆಯೊಳಗೆ ಕನ್ನಡದ ಅಕ್ಷರಗಳಿರುವುದಿಲ್ಲ. ಆದರೆ ಸಾಫ್ಟ್‌ವೇರ್ ಇಡೀ ಬಿಲ್ಲನ್ನು ಚಿತ್ರವಾಗಿ ಮಾಡಿ ಕಳುಹಿಸಿದರೆ ಅದೇ ಪ್ರಿಂಟರ್ ಕನ್ನಡವನ್ನೂ ಮಲಯಾಳವನ್ನೂ ಛಾಪಿಸುತ್ತದೆ, ತುಸು ನಿಧಾನವಾಗಿ ಅಷ್ಟೆ. ‘ಆಗುವುದಿಲ್ಲ’ ಎಂದವರು ಆ ಕೆಲಸ ಮಾಡಿಲ್ಲ ಎಂದು ತಿಳಿಯಿರಿ. ಮಾಡಿದ್ದೇವೆ ಎಂದವರಿಂದ ‘ನೀರ್ದೋಸೆ’, ‘ಪತ್ರೊಡೆ’ ಎಂದು ಛಾಪಿಸಿ ನೋಡಿ. ಅರ್ಕಾವೊತ್ತು, ಒತ್ತಕ್ಷರ ಸರಿಯಾಗಿ ಕುಳಿತರೆ ಉಳಿದದ್ದೂ ಕೂರುತ್ತದೆ. ಕಾಗದ 80 ಮಿಲಿಮೀಟರಿನದ್ದು ಇರಲಿ, 58ರಲ್ಲಿ ನಮ್ಮ ತಿಂಡಿಗಳ ಹೆಸರು ಎರಡು ಸಾಲಿಗೆ ಮುರಿಯುತ್ತದೆ.

ಗಿರಾಕಿಯ ಬಿಲ್ಲಿನ ಭಾಷೆಯೇ ಕೆಒಟಿಯಲ್ಲೂ ಇರಬೇಕೆಂದಿಲ್ಲ. ಒಂದೊಂದು ತಿಂಡಿಗೂ ಎರಡು ಹೆಸರು ಬರೆದಿಡಲು ಬಿಡುವ ಸಾಫ್ಟ್‌ವೇರ್ ಆರಿಸಿ: ಬಿಲ್ಲಿಗೆ ಕನ್ನಡ, ಅಡುಗೆಮನೆಗೆ ಮಲಯಾಳ. ಬಂಗಾಳದ ಹುಡುಗರಿಗೆ ಎರಡೂ ಓದಲು ಬಾರದು, ಆದ್ದರಿಂದ ತಿಂಡಿಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಚೀಟಿಯ ಎಡಬದಿಗೆ ಹಾಕಿಸಿ, ಅದೇ ಸಂಖ್ಯೆಗಳ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಥರ್ಮಲ್ ಕಾಗದ ಒಲೆಯ ಬಿಸಿಗೆ ಕಪ್ಪಾಗುತ್ತದೆ. ಪ್ರಿಂಟರನ್ನು ದೋಸೆಕಾವಲಿಯಿಂದ ದೂರ, ಬಡಿಸುವ ಕಟ್ಟೆಯ ಹತ್ತಿರ ಇಡಿ. ಜಾಗವಿಲ್ಲದಿದ್ದರೆ ಅಡುಗೆಮನೆಗೆ ಮಾತ್ರ ರಿಬ್ಬನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೊಳ್ಳಿ.