ಶನಿವಾರ ರಾತ್ರಿಯಿಂದ ಸೋಮವಾರ ಸಂಜೆವರೆಗೆ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ರೂಪಾ ಅಂತ ಕರೆಯೋಣ. ವಯಸ್ಸು 20, ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್ ಹುಡುಗಿ.

ಸೋಮವಾರ ಸಂಜೆ ನಮ್ಮ ಕ್ಲಿನಿಕ್‌ಗೆ ಬಂದವಳು ಹತ್ತು ನಿಮಿಷ ಪರೀಕ್ಷೆ, ತಲೆನೋವು, ನಿದ್ದೆ ಬರ್ತಿಲ್ಲ ಅಂತಲೇ ಮಾತಾಡಿದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಮೇಡಂ, ಪಪ್ಪಾಯಿ ತಿಂದರೆ ಗರ್ಭ ನಿಲ್ಲಲ್ಲ ಅಲ್ವಾ?" ಎರಡು ದಿನದಿಂದ ಅದನ್ನೇ ತಿನ್ನುತ್ತಿದ್ದಳು, ಜೊತೆಗೆ ಎಳ್ಳು ಬೆಲ್ಲ.

ಶನಿವಾರ ರಾತ್ರಿ ಕಾಂಡೋಮ್ ಹರಿದಿತ್ತು. ಭಾನುವಾರ ಬೆಳಿಗ್ಗೆಯೇ ಧೈರ್ಯ ಮಾಡಿ, ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಕೇಳಲು ಮೆಡಿಕಲ್ ಶಾಪ್‌ಗೆ ಹೋದರೆ ಅಲ್ಲಿದ್ದವರು "ಯಾರಿಗಮ್ಮಾ? ಮದುವೆ ಆಗಿದೆಯಾ? ಡಾಕ್ಟರ್ ಚೀಟಿ ತಗೊಂಬಾ" ಅಂತ ನಾಲ್ಕು ಜನರ ಮುಂದೆ ಜೋರಾಗಿ ಕೇಳಿದ್ದಾರೆ, ಇವಳು ತಲೆನೋವಿನ ಮಾತ್ರೆ ತಗೊಂಡು ವಾಪಸ್ ಬಂದಿದ್ದಾಳೆ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಈ ಮಾತ್ರೆಗೆ, ಅಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್‌ಗೆ, ನಮ್ಮಲ್ಲಿ ಚೀಟಿ ಬೇಕಿಲ್ಲ. ಮದುವೆ ಆಗಿದೆಯಾ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

ನಾನು ಮೊದಲು ಕೇಳಿದ್ದು, ನಿನಗೆ ಇಷ್ಟವಿತ್ತಾ, ಯಾರಾದರೂ ಬಲವಂತ ಮಾಡಿದರಾ ಅಂತ. ಇಷ್ಟವಿತ್ತು ಅಂದಳು. (18 ತುಂಬದ ಹುಡುಗಿಯಾಗಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬರುತ್ತದೆ. ಅದನ್ನು ನಾನು ಶುರುವಿನಲ್ಲೇ ಹೇಳಿಬಿಡುತ್ತೇನೆ.) ಆಮೇಲೆ ಇಬ್ಬರೂ ಕೂತು ಗಂಟೆ ಎಣಿಸಿದೆವು. 44. ಮಾತ್ರೆಗೆ 72 ಗಂಟೆಯ ಗಡುವು, ಆದರೆ ಬೇಗ ತಗೊಂಡಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಾಚಿಕೆಯಲ್ಲೇ ಒಂದೂವರೆ ದಿನ ಹೋಗಿತ್ತು.

"ಇದು ಗರ್ಭ ತೆಗೆಸೋ ಮಾತ್ರೆನಾ? ಮುಂದೆ ಮಕ್ಕಳಾಗಲ್ವಾ?" ಅಲ್ಲ ಅಂದೆ. ಇದು ಅಂಡ ಹೊರಬರುವುದನ್ನು ತಡ ಮಾಡುತ್ತದೆ, ಅಷ್ಟೇ. ಗರ್ಭ ಆಗಲೇ ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ. ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಇಲ್ಲ. ಪಪ್ಪಾಯಿ ಹಣ್ಣು ಹೊಟ್ಟೆಗೆ ಒಳ್ಳೆಯದು, ಈ ಕೆಲಸಕ್ಕಲ್ಲ.

ನಮ್ಮ ನರ್ಸ್ ಜೊತೆಗೆ ಬೇರೆ ಅಂಗಡಿಗೆ ಕಳಿಸಿದೆ. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕು, ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗಬಹುದು, ಒಂದು ವಾರಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿಸು ಅಂತ ಬರೆದುಕೊಟ್ಟೆ. ಮುಂದಿನ ಸಲ ಗರ್ಭ ನಿಲ್ಲುವುದನ್ನು ಈ ಮಾತ್ರೆ ತಡೆಯುವುದಿಲ್ಲ, ರೋಗ ಅಂಟುವುದನ್ನೂ ತಡೆಯುವುದಿಲ್ಲ, ಹಾಗಾಗಿ ಕಾಂಡೋಮ್ ಬಿಡಬೇಡ ಅಂದೆ. 72 ಗಂಟೆ ದಾಟಿದ್ದರೂ ಐದು ದಿನದೊಳಗೆ ಗರ್ಭಕೋಶದಲ್ಲಿ ಇಡುವ ಕಾಪರ್-ಟಿ ಹಾಕಿಸಬಹುದಿತ್ತು. ಆಶಾ ಕಾರ್ಯಕರ್ತೆಯರ ಹತ್ತಿರವೂ ಇದೇ ಮಾತ್ರೆ ಇರುತ್ತದೆ. ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಅಂದಿದ್ದರಂತೆ.

ಮುಟ್ಟು ನಾಲ್ಕು ದಿನ ತಡವಾಗಿ ಬಂತು. ಸುದ್ದಿ ಹೇಳಲು ಫೋನ್ ಮಾಡಿದವಳು, "ನನ್ನ ತಂಗಿ ಪಿಯುಸಿ ಓದ್ತಿದ್ದಾಳೆ, ಮುಟ್ಟು ಯಾಕೆ ಆಗುತ್ತೆ ಅಂತಲೂ ಅವಳಿಗೆ ಗೊತ್ತಿಲ್ಲ, ಕರ್ಕೊಂಡು ಬರ್ಲಾ?" ಅಂದಳು. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ ಆ ವಯಸ್ಸಿನವರಿಗೆ, ಅಲ್ಲಿಗೂ ಹೋಗಬಹುದು ಅಂದೆ. ಇಲ್ಲಿಗೇ ಬರುತ್ತೇವೆ ಅಂದಳು. ಶನಿವಾರ ಇಬ್ಬರೂ ಬಂದರು. ರೂಪಾ ತನ್ನ ಹತ್ತನೇ ಕ್ಲಾಸಿನ ಪುಸ್ತಕ ತಂದಿದ್ದಳು.