ಅವರು ಆಡಿದಷ್ಟೇ ಮಾತು ಸಾಕು

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳಿಬಿಡುತ್ತೇನೆ. ಹದಿಹರೆಯದಿಂದ ಹಚ್ಚಿಕೊಂಡಿದ್ದ ರಾಕ್ ಬ್ಯಾಂಡಿನ ಗಿಟಾರ್ ವಾದಕರನ್ನು ನೀವು ಶೋ ಮುಗಿದ ಮೇಲೆ ಬ್ಯಾಕ್‌ಸ್ಟೇಜ್‌ನಲ್ಲಿ ಕಂಡಿರಿ. ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತು ಬಾಯಿಗೇ ಬರಲಿಲ್ಲ. ಅವರು "ಥ್ಯಾಂಕ್ಸ್" ಅಂದರು, ರೆಕಾರ್ಡಿನ ಕವರ್ ಮೇಲೆ ಸಹಿ ಹಾಕಿದರು, ಹೊರಟೇಬಿಟ್ಟರು. ಈಗ ಆ ಭೇಟಿಯ ಬಗ್ಗೆ ನಮಗೆ ಲೇಖನ ಬರೆಯಲು ಕೂತರೆ ಅರ್ಧ ಪುಟವೂ ತುಂಬುತ್ತಿಲ್ಲ. ನಡೆಯದ ಮಾತುಕತೆಯನ್ನು ಸ್ವಲ್ಪ ಸೇರಿಸಿದರೆ ತಪ್ಪೇ? ಆ ಮನುಷ್ಯ ನಿಜಕ್ಕೂ ಒರಟರೇ? ಇವು ನಿಮ್ಮ ಪ್ರಶ್ನೆಗಳು.

ಸೇರಿಸಬೇಡಿ. ಒಂದು ಸಾಲೂ ಬೇಡ.

ಒರಟರೇ ಎಂಬುದಕ್ಕೆ ಸ್ವಲ್ಪ ನಿಂತು ಉತ್ತರಿಸಬೇಕು. ಎರಡು ಗಂಟೆ ಡ್ರಮ್ಸ್ ಮತ್ತು ಆಂಪ್ಲಿಫೈಯರ್‌ಗಳ ನಡುವೆ ನಿಂತವರ ಕಿವಿ ಶೋ ಮುಗಿದರೂ ಗುಂಯ್ ಅನ್ನುತ್ತಿರುತ್ತದೆ. 'ದ ಹೂ' ಬ್ಯಾಂಡಿನ ಪೀಟ್ ಟೌನ್‌ಶೆಂಡ್ ತಮ್ಮ ಕಿವಿ ಹಾಳಾದ ಬಗ್ಗೆ ಬಹಿರಂಗವಾಗಿಯೇ ಮಾತಾಡಿದ್ದಾರೆ. ನೀವು ತೊದಲಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ! ಮೈಯೆಲ್ಲ ಬೆವರು, ಹೊಟ್ಟೆ ಖಾಲಿ, ಮುಂದಿನ ಊರಿಗೆ ಹೊರಡುವ ಬಸ್ ಬಾಗಿಲಲ್ಲಿ. ಅಷ್ಟು ಹೊತ್ತಿನಲ್ಲಿ ಒಬ್ಬರ ಸ್ವಭಾವ ಅಳೆಯುವುದು ನ್ಯಾಯವಲ್ಲ, ಅಲ್ವಾ?

ಇನ್ನು ನಿಮ್ಮ ಬಾಯಿ ಕಟ್ಟಿದ್ದು. 1965ರ ಆಗಸ್ಟ್ 27ರ ರಾತ್ರಿ ಬೀಟಲ್ಸ್‌ನ ನಾಲ್ವರೂ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ ಮನೆಗೆ ಹೋದರು. ಆಗ ಜಗತ್ತಿನಲ್ಲಿ ಅವರಷ್ಟು ಹೆಸರು ಮಾಡಿದ ಬ್ಯಾಂಡ್ ಬೇರೆ ಇರಲಿಲ್ಲ. ಆದರೂ ಮೊದಲಿಗೆ ಏನು ಮಾತಾಡಬೇಕೆಂದು ತೋಚದೆ ಸುಮ್ನೆ ಕೂತಿದ್ದರಂತೆ. ಒಳಗೆ ಫೋಟೋ ತೆಗೆಯಲಿಲ್ಲ, ಧ್ವನಿಮುದ್ರಣವೂ ಇಲ್ಲ. ಹಾಗಾಗಿ ಆಮೇಲೆ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಅವರು ಒಟ್ಟಿಗೆ ಹಾಡು ನುಡಿಸಿದರೇ ಎಂಬುದರಲ್ಲೂ ಎಲ್ಲರ ನೆನಪು ಒಂದೇ ಇಲ್ಲ. ನೆನಪು ತಾನಾಗಿಯೇ ಇಷ್ಟು ಜಾರುವಾಗ, ನಾವು ಬೇಕೆಂದು ಅದಕ್ಕೆ ಮಾತು ತುಂಬಿದರೆ ಏನು ಉಳಿದೀತು?

ಟಾಮ್ ಪೆಟ್ಟಿಯ ಕಥೆ ನನಗೆ ಇನ್ನೂ ಇಷ್ಟ. 1961ರಲ್ಲಿ ಅವರಿಗೆ ಹತ್ತು ವರ್ಷ. ಫ್ಲಾರಿಡಾದಲ್ಲಿ ಎಲ್ವಿಸ್ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಸಂಬಂಧಿಕರೊಬ್ಬರು ಹುಡುಗನನ್ನು ಕರೆದುಕೊಂಡು ಹೋದರು. ಎಲ್ವಿಸ್ ಹೆಚ್ಚೇನೂ ಮಾತಾಡಲಿಲ್ಲ. ಆ ಹುಡುಗ ಮಾತ್ರ ತನ್ನ ಕವಣೆಯನ್ನು ಗೆಳೆಯನಿಗೆ ಕೊಟ್ಟು, ಬದಲಿಗೆ ಎಲ್ವಿಸ್ ರೆಕಾರ್ಡುಗಳನ್ನು ತೆಗೆದುಕೊಂಡ. ಮುಂದೆ ಆತನೇ ದೊಡ್ಡ ರಾಕ್ ಗಾಯಕನಾದ. ಈ ಕಥೆಯಲ್ಲಿ ಎಲ್ವಿಸ್ ಹೇಳಿದ ಒಂದು ಮಾತೂ ನಮಗೆ ಬೇಕಾಗುವುದಿಲ್ಲ. ಕವಣೆ ಕೊಟ್ಟನಲ್ಲ, ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲೂ ಅಂಥದ್ದೊಂದು ಇದೆ. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಗಿಟಾರ್ ವಾದಕರು ಹೋದ ಮೇಲೆ, ವೇದಿಕೆ ಬಿಚ್ಚುತ್ತಿದ್ದ ಕೆಲಸಗಾರರೊಬ್ಬರು ನಿಮ್ಮ ಮುಖ ನೋಡಿ, ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದ ಸೆಟ್‌ಲಿಸ್ಟ್, ಅಂದರೆ ಅಂದಿನ ಹಾಡುಗಳ ಪಟ್ಟಿ, ಕಿತ್ತು ಕೊಟ್ಟರು. ಲೇಖನ ಇರುವುದು ಇಲ್ಲೇ! ಆ ಹಾಳೆ ಅಚ್ಚಾಗಿತ್ತೇ, ಕೈಬರಹವೇ? ಅದರ ಮೇಲೆ ಬೂಟಿನ ಗುರುತು ಇತ್ತೇ? ಬರೆದಿದ್ದರೂ ಅಂದು ನುಡಿಸದೇ ಬಿಟ್ಟ ಹಾಡು ಯಾವುದು? ಇದನ್ನೆಲ್ಲ ನಿಮ್ಮನ್ನು ಬಿಟ್ಟು ಬೇರೆ ಯಾರೂ ಹೇಳಲಾರರು.

ಬ್ಯಾಕ್‌ಸ್ಟೇಜ್‌ಗೆ ಬಿಡುವ ಪಾಸ್ ಬಗ್ಗೆಯೂ ಬರೆಯಿರಿ. ನಿಮ್ಮದು ಬಟ್ಟೆಗೆ ಅಂಟಿಸುವ ಸ್ಟಿಕ್ಕರ್ ಎಂದಿದ್ದೀರಿ. ಅಂಥದ್ದು ಸಾಮಾನ್ಯವಾಗಿ ಆ ಒಂದು ರಾತ್ರಿಗಷ್ಟೇ. ಟೂರ್ ಪೂರ್ತಿ ಜೊತೆಗಿರುವವರು ಕುತ್ತಿಗೆಗೆ ಲ್ಯಾಮಿನೇಟ್ ಮಾಡಿದ ಪಾಸ್ ಹಾಕಿರುತ್ತಾರೆ. ಪಾಸ್ ಸಿಕ್ಕಿದರೂ ಎಷ್ಟೋ ಅಭಿಮಾನಿಗಳು ಯಾವುದೋ ಕೋಣೆಯಲ್ಲಿ ಕಾದು ಕಾದು, ಬ್ಯಾಂಡಿನವರ ಮುಖ ನೋಡದೆ ಮನೆಗೆ ಹೋಗುತ್ತಾರೆ. ನೀವು ಆ ಕಾರಿಡಾರಿನ ತನಕ ಹೇಗೆ ತಲುಪಿದಿರಿ ಎಂಬುದು ನಮ್ಮ ಓದುಗರಿಗೆ ಬೇಕು.

ಮುಂದಿನ ತಿಂಗಳ ಕೊನೆಯೊಳಗೆ ಹೊಸದಾಗಿ ಬರೆದು ಕಳಿಸಿ. ಅರ್ಧ ಪುಟವೇ ಆದರೂ ಹಾಕುತ್ತೇವೆ. ಸೆಟ್‌ಲಿಸ್ಟಿನ ಫೋಟೋ ಸಾಕು, ಮೂಲ ಹಾಳೆಯನ್ನು ದಯವಿಟ್ಟು ಅಂಚೆಗೆ ಹಾಕಬೇಡಿ.

ಪ್ರೀತಿಯಿಂದ,
ಸಂಪಾದಕ