ಮಾಸಿದ ಹಳೆಯ ಪ್ರಾಣಿಚಿತ್ರಗಳಿಗೆ ಮತ್ತೆ ಬಣ್ಣ ಹಾಕಿಸಿ ಕಟ್ಟು ಹಾಕಿಸಿದರೆ ಬೆಲೆ ಹೆಚ್ಚುತ್ತದೆಯೇ?

ದಯವಿಟ್ಟು ಹಾಕಿಸಬೇಡಿ. ನಿಮ್ಮ ಅಜ್ಜನವರ ಪೆಟ್ಟಿಗೆಯಲ್ಲಿ ಸಿಕ್ಕಂತಹ ಚಿತ್ರಗಳೇ ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಯಲ್ಲಿಯೂ ಇದ್ದವು. ಅಂಗೈಗಿಂತ ತುಸು ದೊಡ್ಡ ಹಾಳೆಗಳಲ್ಲಿ ಒಂದು ಕಾಂಗರೂ, ಒಂದು ಘೇಂಡಾಮೃಗ. ಪ್ರಾಣಿಗೆ ಮಾತ್ರ ಬಣ್ಣ, ಹಿಂದಿನ ಗುಡ್ಡ, ಗಿಡಗಳೆಲ್ಲ ಬರೀ ಕಪ್ಪು ಗೆರೆ.

ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಅವುಗಳನ್ನು ಒಯ್ದಾಗ, ಸಿದ್ಧ ಚೌಕಟ್ಟಿನಲ್ಲಿ ಹಾಳೆ ಕೂರುವುದಿಲ್ಲ, ಕೆಳಗಿನ ಅಂಚನ್ನು ಕತ್ತರಿಸಲೇ ಎಂದು ಅಂಗಡಿಯವರು ಕೇಳಿದರು. ಚಿತ್ರಕ್ಕೆ ಕತ್ತರಿ ತಾಗುವುದಿಲ್ಲವಲ್ಲ ಎಂದು ನಾನು ಒಪ್ಪಿದೆ. ಆದರೆ ಆ ಅಂಚು ಖಾಲಿಯಾಗಿರಲಿಲ್ಲ. ಅಲ್ಲಿ ಪ್ರಾಣಿಯ ಹೆಸರಿತ್ತು, ಅದರ ಬಲಕ್ಕೆ ಇರುವೆ ಸಾಲಿನಂತಹ ಸಣ್ಣ ಅಕ್ಷರಗಳಲ್ಲಿ ಮುದ್ರಣದ ಫಲಕದಲ್ಲಿ ಚಿತ್ರ ಕೆತ್ತಿದವನ ಹೆಸರೂ ಇತ್ತು: ಲಿಜಾರ್ಸ್. ಮುಂದೆ ಬೆಂಗಳೂರಿನಲ್ಲಿ ಹಳೆಯ ಮುದ್ರಣಗಳನ್ನು ಕೊಳ್ಳುವವರೊಬ್ಬರು ಬಣ್ಣದ ಕಡೆ ನೋಡುವ ಮೊದಲೇ ಕೆಳ ಅಂಚನ್ನು ಹುಡುಕಿದರು. ಸರ್ ವಿಲಿಯಂ ಜಾರ್ಡಿನ್ ಸಂಪಾದಕತ್ವದಲ್ಲಿ 1833ರಿಂದ 1843ರವರೆಗೆ ಎಡಿನ್‌ಬರೋದಿಂದ 40 ಸಂಪುಟಗಳಾಗಿ ಹೊರಬಂದ ‘ನ್ಯಾಚುರಲಿಸ್ಟ್ಸ್ ಲೈಬ್ರರಿ’ ಎಂಬ ಪ್ರಾಣಿಲೋಕದ ಪುಸ್ತಕಮಾಲೆಯ ಹಾಳೆಗಳೇ ಇವಿರಬೇಕು, ಆದರೆ ಹೆಸರೇ ಇಲ್ಲದ ಹಾಳೆಯನ್ನು ಹಾಗೆಂದು ಬರೆದುಕೊಟ್ಟು ಮಾರಲಾರೆ ಎಂದು ಹೇಳಿ, ಗೋಡೆಯ ಅಲಂಕಾರದ ಪಟಕ್ಕೆ ಸಿಗುವಷ್ಟೇ ಬೆಲೆ ಕೊಟ್ಟರು. ಅಂಚಿನ ಅಗಲ ಕೂಡ, ಹಾಳೆ ಪುಸ್ತಕದಿಂದ ಇಡಿಯಾಗಿ ಬಂದಿದೆಯೇ ಎಂಬುದಕ್ಕೆ ಸಾಕ್ಷಿಯಂತೆ. ಅದೂ ಕಸದ ಬುಟ್ಟಿಗೆ ಹೋಗಿತ್ತು.

ಬಣ್ಣದ ವಿಷಯವೂ ಇದೇ. ಆ ಕಾಲದಲ್ಲಿ ಬಣ್ಣ ತುಂಬುವುದು ಬೇರೆಯೇ ಕಸುಬಾಗಿತ್ತು; 1827ರಲ್ಲಿ ಇದೇ ಲಿಜಾರ್ಸನ ಬಣ್ಣಗಾರರು ಮುಷ್ಕರ ಹೂಡಿದ್ದರಿಂದಲೇ ಅಮೆರಿಕದ ಚಿತ್ರಕಾರ ಆಡುಬಾನನ ಹಕ್ಕಿಚಿತ್ರಗಳ ಕೆಲಸ ಲಂಡನ್ನಿನ ಕೆತ್ತನೆಗಾರ ಹ್ಯಾವೆಲ್‌ಗೆ ಹೋಯಿತು. ಒಂದೊಂದು ಹಾಳೆಗೂ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದುದರಿಂದ ಅದು ಅಲ್ಲಲ್ಲಿ ಗೆರೆ ದಾಟುತ್ತದೆ. ಭೂತಕನ್ನಡಿಯಲ್ಲಿ ನೋಡಿದರೆ ಇಂದಿನ ಆಫ್‌ಸೆಟ್ ನಕಲಿನಲ್ಲಿ ಚುಕ್ಕೆಗಳು ಕಾಣುತ್ತವೆ, ನಿಮ್ಮದರಲ್ಲಿ ಕುಂಚದ ಅಂಚು ಕಾಣಬೇಕು. ಹೊಸ ಬಣ್ಣ ಬಿದ್ದರೆ ಆ ಗುರುತೂ ಮುಚ್ಚಿಹೋಗುತ್ತದೆ.

ಬೆಲೆ ಹೆಚ್ಚಿಸುವ ಯೋಚನೆಯನ್ನೇ ಬಿಡಿ ಎನ್ನುತ್ತೇನೆ. ಮಾರುವುದಾದರೆ ಮಾಸಿದಂತೆಯೇ ಮಾರಿ. ಇಟ್ಟುಕೊಳ್ಳುವುದಾದರೆ ಆಮ್ಲರಹಿತ ಕಾಗದದ ನಡುವೆ ಇಡಿ, ಗೋಡೆಗೆ ಹಾಕಲೇಬೇಕೆಂದರೆ ನಮ್ಮ ಕಡೆಯ ಬಿಸಿಲು ಬೀಳದ ಗೋಡೆಯನ್ನು ಆರಿಸಿ, ಹಿಂಬದಿಗೆ ಗೋಂದು ಬಳಿಯಲು ಬಿಡಬೇಡಿ, ಚೌಕಟ್ಟನ್ನು ಹಾಳೆಯ ಅಳತೆಗೇ ಮಾಡಿಸಿ.